ಬಾಗಿಲಲ್ಲಿ ಬೇಡವೆಂದ ಡಬ್ಬಿ

ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿಯೇ ಹೋಗಿ. ನಡುವೆ ಎದ್ದರೆ ತಪ್ಪೆಲ್ಲ ಪ್ರಾಣೇಶರದ್ದೇ ಅಂತ ತಿಳಿದುಕೊಂಡು ಹೋಗುತ್ತೀರಿ. ಹಿಮಾಯತ್‌ನಗರದ ಅರ್ಧ ಜನ ಈಗಾಗಲೇ ಹಾಗೆ ತಿಳಿದುಕೊಂಡು ಆರಾಮಾಗಿದ್ದಾರೆ.

ಪ್ರಾಣೇಶರು ಗಣಿಗಳ ಅನುಮತಿ ಪರಿಶೀಲಿಸುವ ಒಂದು ಕಚೇರಿಯಲ್ಲಿ ಅಧಿಕಾರಿ. ಅವರಿಗೆ ಹುಟ್ಟಿನಿಂದ ಬಂದದ್ದು ಎರಡು: ಅಪ್ಪನ ಮೂಗು ಮತ್ತು ಅನುಮಾನ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎನ್ನುವರು. ನಗದಿದ್ದರೆ, ಸಿಕ್ಕಿಬೀಳುವ ಹೆದರಿಕೆಗೆ ಮುಖ ಗಂಟು ಹಾಕಿದ್ದಾನೆ ಎನ್ನುವರು.

ಇಂಥವರ ಮೇಜಿಗೆ ಕಾಕುಲಗುಟ್ಟದ ಕಲ್ಲಿದ್ದಲು ಗಣಿಯ ಫೈಲು ಬಂತು. ನೆಲ ಬಗೆದು ತೆರೆದ ಗುಂಡಿಯಲ್ಲೇ ಕಲ್ಲಿದ್ದಲು ತೆಗೆಯುವ ಗಣಿ ಅದು. ಮೇಲಿನ ಮಣ್ಣು, ಕಲ್ಲನ್ನು ದೂರದ ಬರಡು ಜಾಗದಲ್ಲಿ ಗುಡ್ಡೆ ಹಾಕಬೇಕು ಅಂತ ಹಳೆಯ ಅನುಮತಿ. ಈಗ ಕಂಪನಿಗೆ ಅದರಲ್ಲಿ ತಿದ್ದುಪಡಿ ಬೇಕಾಗಿತ್ತು: ಅಷ್ಟು ದೂರ ಲಾರಿ ಓಡಿಸುವ ಬದಲು ಊರ ಕೆರೆಯ ದಂಡೆಗೇ ಸುರಿಯುತ್ತೇವೆ, ಡೀಸೆಲ್ ಉಳಿಯುತ್ತದೆ ಅಂತ.

ಪ್ರಾಣೇಶರು ಹೋಗಿ ನೋಡಿಬಂದರು. ಕಂಪನಿಯ ಊಟ ಬೇಡವೆಂದು ಮನೆಯ ಅವಲಕ್ಕಿ, ಮನೆಯ ನೀರು ಒಯ್ದಿದ್ದರು. ಬರುವಾಗ ಗಣಿಯ ಗೇಟಿನ ಹೊರಗೆ ಜೀಪು ನಿಲ್ಲಿಸಿ ಬೂಟಿನ ಕಲ್ಲಿದ್ದಲ ಧೂಳನ್ನೂ ಕೊಡವಿದರು. "ಅವ್ರ ಧೂಳು ಅವ್ರಿಗೇ ಇರ್ಲಿ" ಎಂದದ್ದನ್ನು ಕೇಳಿ ಡ್ರೈವರ್ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಆದರೆ ಒಂದನ್ನು ಕೊಡವಿಕೊಳ್ಳಲು ಆಗಲಿಲ್ಲ. ಕೆರೆಯ ದಂಡೆಯ ಮೇಲೆ ಎಮ್ಮೆ ಕಾಯುತ್ತಿದ್ದ ಮುದುಕಿಯೊಬ್ಬಳು, "ಮಾ ಚೆರುವು ಪೋತುಂದಾ ಸಾರೂ?" ಅಂತ ಕೇಳಿದ್ದಳು. ನಮ್ಮ ಕೆರೆ ಹೋಗಿಬಿಡುತ್ತದೇನು ಅಂತ. ಒಂದು ಮಳೆಗಾಲ ಸಾಕು, ಆ ಮಣ್ಣೆಲ್ಲ ಕೆರೆಗೆ ಇಳಿಯುತ್ತದೆ ಅಂತ ಪ್ರಾಣೇಶರಿಗೆ ಗೊತ್ತಿತ್ತು. ಕಚೇರಿಗೆ ಬಂದವರೇ, ತಿದ್ದುಪಡಿ ಕೊಡಬಾರದು ಅಂತ ಗಟ್ಟಿಯಾಗಿ ಬರೆದರು.

ಕಚೇರಿಯಲ್ಲಿ ಹೊಸ ನಿಯಮ ಬೇರೆ ಬಂದಿತ್ತು. ಪರಿಶೀಲನೆಗೆ ಕೂರುವವರ ಕೈಯಲ್ಲಾಗಲಿ ಮನೆಯಲ್ಲಾಗಲಿ ಕಂಪನಿಯ ವಸ್ತು ಕಂಡರೆ, ಅದೊಂದು ಪೆನ್ನಾದರೂ ಸರಿ, ಅವರು ಸಭೆಯಿಂದ ಎದ್ದು ಹೋಗಬೇಕು. ಉಳಿದವರು ಅಂದೇ ಕೆಲಸ ಮುಗಿಸಬೇಕು. ಸಮಿತಿಯಲ್ಲಿ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು, ಪ್ರಾಣೇಶರು ಎದ್ದರೆ ಉಳಿಯುವವರು ಪಕ್ಕದ ಮೇಜಿನ ನರಹರಿ ಒಬ್ಬರೇ. ನರಹರಿಯವರ ಪೆನ್ನಿನಲ್ಲಿ 'ಆಗಬಹುದು' ಎಂದು ಬರೆಯಲು ಮಾತ್ರ ಮಸಿ ಇಳಿಯುತ್ತಿತ್ತು.

ಸಭೆಯ ದಿನ ಶ್ರಾವಣ ಶುಕ್ರವಾರ. ಬೆಳಗ್ಗೆಯೇ ಬಾಗಿಲ ಗಂಟೆ ಬಡಿಯಿತು. ಪ್ರಾಣೇಶರು ಸರಪಳಿ ತೆಗೆಯದೆ ಸಂದಿಯಲ್ಲಿ ಒಂದು ಕಣ್ಣಿಟ್ಟರು.

"ಯಾರು?"

"ನಾನ್ರೀ ಸರ್, ವಿಜಯಕುಮಾರ. ಕಾಕುಲಗುಟ್ಟದ ಕಂಪನಿ ಕಡಿಂದ. ಬೀದರ್ ಕಡಿ ಮಂದೀರಿ ನಾವು, ನಿಮ್ಮವ್ರ ಅದೀವಿ. ಶ್ರಾವಣ ಶುಕ್ರವಾರ ಐತಲ್ರಿ, ಅಕ್ಕಾರಿಗೆ ಅರಿಶಿಣ-ಕುಂಕುಮಕ್ಕ ಅಂತ ಒಂದ್ ಸಣ್ಣ..."

ಅವನ ಕೈಯಲ್ಲಿ ಕೆಂಪು ಜರಿಯ ಚೀಲ. ಪ್ರಾಣೇಶರು ಹಾವು ಕಂಡವರ ಹಾಗೆ ಹಿಂದೆ ಹಾರಿದರು.

"ತಗೊಂಡ್ ಹೋಗ್ರಿ! ನಾ ಮುಟ್ಟಂಗಿಲ್ಲ, ನೋಡಂಗಿಲ್ಲ, ವಾಸ್ನಿ ಸುದ್ದಾ ತಗೊಳಂಗಿಲ್ಲ!"

"ಸಾವಕಾಶ ಮಾತಾಡ್ರಿ ಸರ್, ಮಂದಿ ಕೇಳ್ತಾರ."

"ಕೇಳ್ಲಿ! ಅದಕ್ಕ ಒದರ್ಲಿಕತ್ತೀನಿ!"

ಮಂದಿ ಕೇಳಿದರು. ಕುಕ್ಕರಿನ ಸೀಟಿ ಬಿಟ್ಟು, ಹಲ್ಲುಜ್ಜುವುದು ಬಿಟ್ಟು ಬಾಗಿಲುಗಳಿಗೆ ಬಂದರು. ಕೆಳಗಿನ ಮನೆಯ ಶೋಭಾಬಾಯಿ ಅರ್ಧ ಮೆಟ್ಟಿಲು ಹತ್ತಿಯೇ ಬಂದರು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಹೊತ್ತಿದರೂ ಅವರಿಗೆ ಮೊದಲು ಸೀನು ಬರುತ್ತಿತ್ತು.

"ಏನಾತ್ರೀ ಪ್ರಾಣೇಶರಾವ? ಕಳ್ಳ ಬಂದಾನೇನು?"

"ಹಾಡೇ ಹಗಲಿ ಚೀಲ ಹಿಡ್ಕೊಂಡು ಬಂದಾನ ನೋಡ್ರಿ!"

ವಿಜಯಕುಮಾರ ಸಿಟ್ಟಾಗಲಿಲ್ಲ. ಬಾಗಿಲಿಗೊಂದು, ಶೋಭಾಬಾಯಿಗೊಂದು ನಮಸ್ಕಾರ ಮಾಡಿ, ಈ ಬಸ್ಸು ತಪ್ಪಿದರೆ ಹಿಂದೆ ಇನ್ನೊಂದು ಬರುತ್ತದೆಂದು ಗೊತ್ತಿರುವವನ ಹಾಗೆ ನಿಧಾನವಾಗಿ ಮೆಟ್ಟಿಲಿಳಿದು ಹೋದ.

ಪ್ರಾಣೇಶರು ಬಾಗಿಲು ಹಾಕಿ, ಸರಪಳಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೆಂಡತಿ ಮೃಣಾಲಿನಿ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಿತ್ರೀ ಚೀಲದಾಗ?"

"ನಾ ನೋಡಿಲ್ಲ."

"ನೋಡಿ ಬ್ಯಾಡ ಅನ್ನಲಿಕ್ಕೆ ಏನಾಗಿತ್ತು ನಿಮಗ?"

"ಮೃಣಾಲಿನೀ, ಇವತ್ತ ಈ ಮನಿಯೊಳಗ ಹೊರಗಿನ ಒಂದು ಹುಲ್ಲುಕಡ್ಡಿ ಬರಂಗಿಲ್ಲ."

"ಅರಿಶಿಣ-ಕುಂಕುಮಕ್ಕ ನಾಕು ಮುತ್ತೈದೇರನ್ನ ಕರ್ದೀನಿ. ಅವ್ರನ್ನೂ ಕಿಡಕ್ಯಾಗಿಂದ ಮಾತಾಡ್ಸಿ ಕಳಸ್ಲೇನು?"

"ಅವ್ರು ಬರ್ಲಿ. ಮ್ಯಾಲಿನ ಮನಿಗೆ ಹೊಸದಾಗಿ ಬಾಡಿಗಿಗೆ ಬಂದಾಳಲ್ಲ, ಆಕಿ ಬ್ಯಾಡ. ಆಕಿ ಕಂಪನಿ ಬೇಹುಗಾರ್ತಿ."

"ಹೆಂಗ ಗೊತ್ತು?"

"ಲಿಫ್ಟಿನಾಗ 'ಮೀರು ಏ ಆಫೀಸ್ ಸಾರ್?' ಅಂತ ಕೇಳಿದ್ಲು. ಸುಮ್‌ಸುಮ್ನ ಯಾರರೆ ಯಾವ ಆಫೀಸು ಅಂತ ಕೇಳ್ತಾರೇನು? ನಾನೂ ಶ್ಯಾಣ್ಯಾ ಇದ್ದೀನಿ. ಪೋಸ್ಟ್ ಆಫೀಸು ಅಂತ ಹೇಳೇನಿ."

ಮೃಣಾಲಿನಿ ಹಣೆ ಬಡಿದುಕೊಂಡು ಒಳಗೆ ಹೋಗಿ ಟ್ರಂಕು ತೆರೆದಳು.

ಈ ಟ್ರಂಕಿನ ವಿಷಯ ನಿಮಗೆ ಗೊತ್ತಿರಲೇಬೇಕು. ಯಾಕೆಂದರೆ ನಿಮ್ಮ ಮನೆಯಲ್ಲೂ ಒಂದಿದೆ. ಉಡಿ ತುಂಬಿಸಿಕೊಂಡು ಬಂದ ರವಿಕೆಯ ಖಣ, ಡಬ್ಬಿ, ತಟ್ಟೆ ಎಲ್ಲ ಅದರೊಳಗೆ ಹೋಗುತ್ತವೆ. ಮುಂದೆ ಯಾರದಾದರೂ ಉಡಿ ತುಂಬುವಾಗ ಅದರೊಳಗಿಂದಲೇ ಹೊರಡುತ್ತವೆ. ಖಣವನ್ನು ಯಾರೂ ಹೊಲಿಸುವುದಿಲ್ಲ, ಕಾಗದ ಸುತ್ತಿದ್ದನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲವಲ್ಲ! ಮೃಣಾಲಿನಿಯ ಮದುವೆಯ ವರ್ಷ ಸಿಕಂದರಾಬಾದಿನ ಕಡೆಗೆ ಹೊರಟ ಒಂದು ಹಸಿರು ಖಣ ಊರೆಲ್ಲ ಸುತ್ತಿ, ಮಗಳ ಬಾಣಂತನಕ್ಕೆ ಸರಿಯಾಗಿ ತಿರುಗಿ ಮನೆಗೆ ಬಂದಿತ್ತು. ಅಂಚಿನ ಇಸ್ತ್ರಿ ಕಲೆ ನೋಡಿ ಆಕೆ ಗುರುತು ಹಿಡಿದಿದ್ದಳು. ಪ್ರಾಣೇಶರು ಇಡೀ ಜಗತ್ತನ್ನು ಅನುಮಾನಿಸುತ್ತಿದ್ದರೂ ಈ ಟ್ರಂಕಿನ ಕಡೆ ಒಂದು ದಿನ ತಿರುಗಿ ನೋಡಿದವರಲ್ಲ.

ಕಚೇರಿಗೆ ಹೋದರೆ ತಮ್ಮ ಮೇಜಿನ ಮೇಲೊಂದು ಕರಿ ಪೆನ್ನು. ಪ್ರಾಣೇಶರು ಕಾಗದದ ಚೂರಿನಿಂದ ಇಲಿಯ ಬಾಲ ಹಿಡಿದ ಹಾಗೆ ಅದನ್ನೆತ್ತಿ ನರಹರಿಯವರ ಮೇಜಿಗೆ ಸಾಗಿಸಿದರು.

"ಇದು ಯಾರದು? ಕಂಪನಿದೇನು?"

"ನಿಮ್ದರಿ. ನಿನ್ನೆ ಮರ್ತು ಹೋಗಿದ್ರಿ" ಎಂದು ನರಹರಿ ಪೇಡೆಯ ಡಬ್ಬಿ ಮುಂದೆ ಹಿಡಿದರು. "ತಗೋರಿ. ಮಗಳು ಪಾಸಾಗ್ಯಾಳ."

"ಎಲ್ಲಿ ಪಾಸಾಗ್ಯಾಳ? ಗಣಿ ಇಂಜಿನಿಯರಿಂಗ್ ಅಲ್ಲಲ್ಲಾ?"

"ಭರತನಾಟ್ಯಂ ರೀ!"

ಆದರೂ ಪ್ರಾಣೇಶರು ತಿನ್ನಲಿಲ್ಲ. ನರಹರಿ ಅದನ್ನೂ ತಾವೇ ಬಾಯಿಗೆ ಹಾಕಿಕೊಂಡು, ಬಾಯಿ ತುಂಬಿಕೊಂಡೇ ಸುದ್ದಿ ಹೇಳಿದರು. "ಸಮಿತಿಗೆ ಹೊಸಾ ಅಧ್ಯಕ್ಷರು ಬಂದಾರ. ಹೆಣ್ಮಗಳಂತ. ವರಂಗಲ್ ಕಡಿಂದ ವರ್ಗ ಆಗಿ. ಭಾಳ ಖಡಕ್ ಐತಂತ ಆಸಾಮಿ. ಇನ್ನೂ ಯಾರೂ ನೋಡಿಲ್ಲ, ಮೂರಕ್ಕ ಸೀದಾ ಸಭಾಕ್ಕ ಬರ್ತಾರ."

ಖಡಕ್ ಎಂದದ್ದೇ ಪ್ರಾಣೇಶರಿಗೆ ಎದೆ ತಣ್ಣಗಾಯಿತು. ಖಡಕ್ ಮನುಷ್ಯರಿಗೆ ತನ್ನ ಆಕ್ಷೇಪ ಅರ್ಥವಾಗುತ್ತದೆ, ಕೆರೆ ಉಳಿಯುತ್ತದೆ. ಅದೇ ಖುಷಿಯಲ್ಲಿ ಊಟಕ್ಕೆ ಮನೆ ಕಡೆ ನಡೆದರು. ಮನೆ ಎರಡು ಗಲ್ಲಿ ಆಚೆ.

ಮೆಟ್ಟಿಲ ಬುಡದಲ್ಲಿ ಶೋಭಾಬಾಯಿ ಎದುರಾದರು. ಕೈಯಲ್ಲಿ ಕೆಂಪು ಜರಿಯ ಚೀಲ. ಅದರ ತುಂಬ ಬೆಂಡೆಕಾಯಿ.

"ಶೋಭಾಬಾಯಿ, ಈ ಚೀಲ ಎಲ್ಲಿಂದು?"

"ಮುಂಜಾನಿ ಬಂದಿದ್ನಲ್ರೀ ಆ ಹುಡುಗ, ಅಂವ ಕೊಟ್ಟ. 'ಬೈನಿ, ನನ್ನ ಅಕ್ಕನಂಗ ಅದೀರಿ, ಹಬ್ಬದ ದಿನ ಬರಿಗೈಲೆ ತಿರುಗಿ ಹ್ಯಾಂಗ ಹೋಗ್ಲಿ' ಅಂದ. ನಾ ಏನ್ ನಿಮ್ಮಂಗ ಸರ್ಕಾರಿ ಮನುಷ್ಯಾಳೇನು ಬ್ಯಾಡ ಅನ್ನಲಿಕ್ಕೆ? ಚೀಲ ಭಾಳ ಗಟ್ಟಿ ಅದ ನೋಡ್ರಿ!"

ಪ್ರಾಣೇಶರು ಒಳಗೊಳಗೇ ನಕ್ಕರು. ಪೀಡೆ ಕೆಳಗಿನ ಮನೆಗೆ ಹೋಯಿತು, ತನಗಂಟಲಿಲ್ಲ. ಚೀಲದಲ್ಲಿ ಈಗ ಬೆಂಡೆಕಾಯಿ ಇದೆ, ಸರಿ. ಮೊದಲು ಇದ್ದದ್ದು ಎಲ್ಲಿ ಹೋಯಿತು ಅಂತ ಅವರು ಕೇಳಲಿಲ್ಲ. ಜನ್ಮದಲ್ಲಿ ಒಮ್ಮೆ ಅನುಮಾನ ಪಡಬೇಕಾದ ಕಡೆ ಪಡದೆ ಮೇಲೆ ಹತ್ತಿದರು.

ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದಾಳೆ ಮೇಲಿನ ಮನೆಯ ಬೇಹುಗಾರ್ತಿ! ಮುಂದೆ ಮೃಣಾಲಿನಿ ಉಡಿ ತುಂಬುತ್ತಿದ್ದಾಳೆ.

"ಇವ್ರೂ ನಮ್ಮ ಕಡಿಯವ್ರೇ ರೀ, ರಾಯಚೂರು!" ಎಂದು ಮೃಣಾಲಿನಿಯ ಮುಖವೆಲ್ಲ ಬೆಳಕು.

"ನಮಸ್ಕಾರ್ರೀ" ಎಂದಳು ಆಕೆ. "ಪೋಸ್ಟ್ ಆಫೀಸಿಗೆ ಇವತ್ತ ರಜಾ ಏನು?"

"ಹೂಂ... ಊಟದ ರಜಾ."

"ಪೋಸ್ಟ್..." ಎಂದು ಮೃಣಾಲಿನಿ ಬಾಯಿ ತೆರೆಯುವಷ್ಟರಲ್ಲಿ ಪ್ರಾಣೇಶರು ಮೂರು ಮನೆಗೆ ಕೇಳುವ ಹಾಗೆ ಕೆಮ್ಮಿದರು. ಆಮೇಲೆ ಓಡಿಹೋಗಿ ತಮ್ಮ ಫೈಲುಗಳಿದ್ದ ಕಪಾಟಿಗೆ ಬೆನ್ನು ಹಚ್ಚಿ, ಗುಡಿಯ ದ್ವಾರಪಾಲಕನ ಹಾಗೆ ನಿಂತರು. ಆಕೆಯ ಉಡಿಗೆ ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು, ಖಣ ಬಿತ್ತು, ಮೇಲೊಂದು ಬಂಗಾರದ ಬಣ್ಣದ ಕಾಗದ ಸುತ್ತಿದ ಪುಟ್ಟ ಡಬ್ಬಿಯೂ ಬಿತ್ತು. ಪ್ರಾಣೇಶರು ಅದನ್ನು ನೋಡಲಿಲ್ಲ. ಅವರ ಎರಡೂ ಕಣ್ಣು ಆಕೆಯ ಕಣ್ಣು ಕಪಾಟಿನ ಕಡೆ ಹೊರಳುತ್ತದೋ ಎಂದು ಕಾಯುತ್ತಿದ್ದವು.

ಆಕೆ ಎಲ್ಲವನ್ನೂ ಬಲೆಚೀಲಕ್ಕೆ ಹಾಕಿಕೊಂಡು, "ಭಾಳ ಖುಷಿ ಆತ್ರಿ ಬಾಯಾರ. ಈ ಊರಿಗೆ ಬಂದು ಮೊದಲನೇ ಸಲ ಯಾರೋ ಮನಿಗೆ ಕರದು ಉಡಿ ತುಂಬಿದ್ರು" ಎಂದು ಹೇಳಿ, ಚೀಲ ಹಿಡಿದು ಹಾಗೇ ಕೆಳಗಿಳಿದು ಹೋದಳು. ಬಾಗಿಲು ಮುಚ್ಚಿದ್ದೇ ಪ್ರಾಣೇಶರು ಸಿಡಿದರು.

"ಕರೀಬ್ಯಾಡ ಅಂದಿದ್ನಿಲ್ಲೇನು?"

"ನಾ ಎಲ್ಲಿ ಕರ್ದೆ? ಶೋಭಾಬಾಯಿ ಕರ್ಕೊಂಡು ಬಂದ್ರು. ಶುಕ್ರವಾರ ದಿನ ಬಾಗಿಲಿಗೆ ಬಂದ ಮುತ್ತೈದೆನ್ನ ಹಂಗ ಕಳಸ್ಲಿಕ್ಕೆ ಬರ್ತದೇನು?"

"ಆಕಿ ನಿನಗೇನರೆ ಕೊಟ್ಲೇನು?"

"ಇಲ್ಲ. ನಾನ ಕೊಟ್ಟೆ. ಕೊಡಬಾರದು ಅಂತೂ ನಿಮ್ಮ ನಿಯಮದಾಗ ಅದ ಏನು?"

ಪ್ರಾಣೇಶರು ನಿಯಮವನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡರು. ಇರಲಿಲ್ಲ. ಸಮಾಧಾನವಾಗಿ ಊಟ ಮಾಡಿದರು. ಸಾರನ್ನು ಎರಡನೇ ಸಲವೂ ಬಡಿಸಿಕೊಂಡರು.

ಮೂರು ಗಂಟೆಗೆ ಸಭೆ. ಒಂದು ಕಡೆ ಪ್ರಾಣೇಶರು, ನರಹರಿ. ಎದುರಿಗೆ ಕಂಪನಿಯ ಪರವಾಗಿ ವಿಜಯಕುಮಾರ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಪರೀಕ್ಷೆಗೆ ಬಂದ ವಿದ್ಯಾರ್ಥಿಯಷ್ಟು ವಿನಯದಲ್ಲಿ. ಬಾಗಿಲು ತೆರೆಯಿತು. ಎಲ್ಲರೂ ಎದ್ದು ನಿಂತರು. ಪ್ರಾಣೇಶರು ಎದ್ದವರು ಹಾಗೆಯೇ ಮತ್ತೆ ಕುಸಿದು ಕೂತರು.

ಬಂದವಳು ಮೇಲಿನ ಮನೆಯವಳು. ಹೊಸ ಅಧ್ಯಕ್ಷೆ ಶ್ರೀಲಕ್ಷ್ಮಿ. ಕೈಯಲ್ಲಿ ಬಲೆಚೀಲ, ಅದರ ಕಣ್ಣುಗಳಿಂದ ತೆಂಗಿನಕಾಯಿಯ ಜುಟ್ಟು, ಡಬ್ಬಿಯ ಬಂಗಾರದ ಬಣ್ಣದ ಕಾಗದ ಹೊರಗೆ ಇಣುಕುತ್ತಿದ್ದವು.

"ಅರೆ" ಎಂದರು ಶ್ರೀಲಕ್ಷ್ಮಿ. "ಪೋಸ್ಟ್ ಮಾಸ್ತರು ಇಲ್ಲೇನು ಮಾಡ್ಲಿಕತ್ತಾರ?"

ನರಹರಿ ಪ್ರಾಣೇಶರನ್ನು ನೋಡಿದರು. ಪ್ರಾಣೇಶರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

ವಿಜಯಕುಮಾರ ಎದ್ದು ಕೈ ಮುಗಿದ. "ಮೇಡಂ, ಸುರು ಮಾಡೂಕಿಂತ ಮೊದಲ ಒಂದು ಅರಿಕಿ ಐತಿ. ನಿಮ್ಮ ಚೀಲದಾಗಿನ ಆ ಡಬ್ಬಿ ತಳ ಒಂದೀಟು ನೋಡ್ರಿ. ನಿಯಮ ಅಂದ್ರ ನಿಯಮಾನ ಅಲ್ರೀ?"

ಶ್ರೀಲಕ್ಷ್ಮಿ ಹುಬ್ಬು ಗಂಟಿಕ್ಕಿ ಕಾಗದ ಬಿಚ್ಚಿದರು. ಒಳಗೆ ಬಿಳಿ ಮಿಂಚಿನ ಕುಂಕುಮದ ಭರಣಿ. ತಿರುಗಿಸಿದರೆ ತಳದಲ್ಲಿ ಕಾಕುಲಗುಟ್ಟ ಕಂಪನಿಯ ಮುದ್ರೆ, ಗಣಿಯ ಯಂತ್ರದ ಚಿತ್ರದ ಸಮೇತ.

"ಇದನ್ನ ನನ್ನ ಉಡಿಯೊಳಗ ಹಾಕಿದವ್ರು ನಿಮ್ಮ ಮನಿಯವ್ರು" ಎಂದು ಅವರು ಪ್ರಾಣೇಶರ ಕಡೆ ತಿರುಗಿದರು. ಮಧ್ಯಾಹ್ನದ ಆ ಖುಷಿಯ ದನಿ ಎಲ್ಲೋ ಹೋಗಿತ್ತು. "ಅದಕ್ಕ ಕರದಿದ್ರೇನು? ಕಂಪನಿ ಪರವಾಗಿ ನನಗ ಮುಟ್ಟಸ್ಲಿಕ್ಕೆ?"

"ಇಲ್ರೀ ಮೇಡಂ! ಕಂಪನಿಗೆ ಕೊಡಬ್ಯಾಡ್ರಿ ಅಂತ ಬರದಾಂವ ನಾನ ಇದ್ದೀನಿ!"

"ಹಂಗ ಜೋರಾಗಿ ಬ್ಯಾಡ ಅನ್ನಾವ್ರ ಮ್ಯಾಲ ನಂಗ ಮೊದಲಿಂದ ಸಂಶಯ ನೋಡ್ರಿ" ಎಂದು ನರಹರಿ ತಮ್ಮ ಕಡೆಯಿಂದ ಒಂದು ಸಹಾಯ ಮಾಡಿದರು.

"ಈ ಮನುಷ್ಯಾನ ಮುಂಜಾನಿ ಇದನ್ನ ನಮ್ಮ ಬಾಗಿಲಿಗೆ ತಂದಿದ್ದ! ನಾ ಓಡಿಸಿದೆ!"

"ಖರೇ ಐತ್ರಿ ಮೇಡಂ" ಎಂದ ವಿಜಯಕುಮಾರ. "ಸರ್ ಬೈದು ಕಳಿಸಿದ್ರು. ಆಮ್ಯಾಲ ನಾ ಕೆಳಗಿನ ಮನಿ ಅಕ್ಕಾರಿಗೆ ಕೊಟ್ಟೆ. ಅವ್ರಿಗೆ ಯಾವ ಅಧಿಕಾರಾನೂ ಇಲ್ಲ, ಯಾವ ಫೈಲೂ ಇಲ್ಲ. ಅಲ್ಲಿಂದ ಅದು ಇಲ್ಲಿ ಹೆಂಗ ಬಂತೋ, ದೇವರಾಣಿ ನಂಗೊತ್ತಿಲ್ರಿ."

ಪ್ರಾಣೇಶರ ತಲೆಯಲ್ಲಿ ಆಗ ಬೆಂಡೆಕಾಯಿ ಚೀಲ, ಶೋಭಾಬಾಯಿ, ಟ್ರಂಕು ಮೂರೂ ಒಂದರ ಹಿಂದೊಂದು ಬಂದು ನಿಂತವು. ಸುಮ್ಮನಿದ್ದರೆ ಲಂಚ ಸಾಗಿಸಿದ ಮನುಷ್ಯ. ಬಾಯಿ ಬಿಟ್ಟರೆ, ಹೆಂಡತಿ ಮೂವತ್ತು ವರ್ಷ ಬೀಗ ಹಾಕಿ ಕಾಪಾಡಿದ ಟ್ರಂಕನ್ನು ಕಚೇರಿಯ ನಡುವೆ ತಂದು ಮಗುಚಿದ ಮನುಷ್ಯ. ಆ ಮುದುಕಿ ನೆನಪಾದಳು. ಅವರು ಫೋನು ತೆಗೆದು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಮೃಣಾಲಿನೀ, ಮಧ್ಯಾಹ್ನ ಆ ಬಾಯಾರಿಗೆ ಕೊಟ್ಟೆಲ್ಲ ಡಬ್ಬಿ, ಅದು ಎಲ್ಲಿಂದು?"

"ಅದಾ? ಶೋಭಾಬಾಯಿ ಬರೂವಾಗ ತಂದಿದ್ರು. ನಾ ಬಿಚ್ಚಿ ಸುದ್ದಾ ನೋಡ್ಲಿಲ್ಲ. ಅವ್ರು ಕೆಳಗ ಇಳದು ಹೋದ ಮ್ಯಾಲ ಆಕಿ ಉಡಿಗೆ ದಾಟಿಸಿಬಿಟ್ಟೆ. ನಿನ್ನೆ ಮೊನ್ನೆ ಬಂದಾಕಿಗೆ ಹೊಸಾದ್ಯಾಕ ಖರ್ಚು ಮಾಡೂದು? ಅದರಾಗ ನೀವ ಅಂದಿದ್ರಿ, ಆಕಿ ಕಂಪನಿ ಬೇಹುಗಾರ್ತಿ ಅಂತ! ಯಾಕ, ಏನಾತು? ಹಲೋ? ಯಾರೋ ನಕ್ಕಂಗ ಆತಲ್ಲ?"

ನಕ್ಕವರು ನರಹರಿ. ಶ್ರೀಲಕ್ಷ್ಮಿ ನಗಲಿಲ್ಲ. ತೆಂಗಿನಕಾಯಿಯ ಜುಟ್ಟನ್ನು ಬೆರಳಿನಿಂದ ಸುಮ್ಮನೆ ಸವರುತ್ತ ಕೂತರು. ಆಮೇಲೆ ತುಟಿಯ ಮೂಲೆ ಸಣ್ಣಗೆ ಮೇಲೆದ್ದಿತು.

"ನಮ್ಮ ಮನಿಯಾಗೂ ಒಂದು ಟ್ರಂಕ್ ಅದರಿ" ಎಂದರು. "ನಿಮ್ಮ ಮಾತು ನಂಬಿದೆ ಪ್ರಾಣೇಶರಾವ. ನಿಮ್ಮ ಆಕ್ಷೇಪಾನೂ ಓದೇನಿ. ಅಚ್ಚುಕಟ್ಟ ಬರದೀರಿ. ಇವತ್ತ ನಾನೂ ಬ್ಯಾಡ ಅಂತನ ಬರಿಯಾಕಿ ಇದ್ದೆ."

ಪ್ರಾಣೇಶರ ಎದೆಯಲ್ಲಿ ಕೆರೆ ತುಂಬಿ ಬಂತು.

"ಆದ್ರ ನಿಯಮ" ಎಂದು ಶ್ರೀಲಕ್ಷ್ಮಿ ಎದ್ದರು. "ಡಬ್ಬಿ ನಿಮ್ಮ ಮನಿಯಾಗ ಇತ್ತು. ಈಗ ನನ್ನ ಕೈಯಾಗ ಅದ. ನಾವಿಬ್ರೂ ಹೊರಗ ಹೋಗಬೇಕು. ನಾನ ನಿಯಮ ಮುರದ್ರ ನಾಳೆ ಈ ಕಂಪನೀನ ಕೋರ್ಟಿಗೆ ಹೋಗಿ ನಮ್ಮಿಬ್ಬರ ಮಾತನ್ನೂ ಹೊಡದು ಹಾಕಸ್ತದ."

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಚಹಾ ಬಂತು. ಅದು ಆರುವ ಮೊದಲೇ ಒಳಗೆ ಫೈಲಿನ ಮೇಲೆ ಸಿಕ್ಕಾ ಹೊಡೆದ ಸದ್ದು ಕೇಳಿಸಿತು. ನರಹರಿಯವರ ಪೆನ್ನಿನಲ್ಲಿ ಮಸಿ ಸರಾಗವಾಗಿ ಇಳಿದಿತ್ತು.

ಮೊದಲು ಹೊರಗೆ ಬಂದವನು ವಿಜಯಕುಮಾರ. ಪ್ರಾಣೇಶರ ಪಕ್ಕ ಬಗ್ಗಿ, ಆಸ್ಪತ್ರೆಯಲ್ಲಿ ಮಾತಾಡಿಸುವಷ್ಟು ಮೆತ್ತಗೆ ಹೇಳಿದ:

"ಸಿಟ್ಟಾಗಬ್ಯಾಡ್ರಿ ಸರ್. ನಿಮಗ ಕೊಟ್ರ ನೀವು ತಗೊಳಂಗಿಲ್ಲ ಅಂತ ಮೊದಲ ಗೊತ್ತಿತ್ತು. ಮೇಡಂಗೆ ಕೊಟ್ರ ಅವ್ರೂ ತಗೊಳಂಗಿಲ್ಲ. ಅವ್ರು ನಿಮ್ಮ ಮ್ಯಾಲಿನ ಮನಿಗೇ ಬಂದಾರಂತ ಕೇಳಿ ದೇವ್ರಿಗೆ ಕಾಯಿ ಒಡಿಸಿದೆ. ನಮ್ಮವ್ವಂದೂ ಒಂದು ಟ್ರಂಕ್ ಐತ್ರಿ. ಶ್ರಾವಣ ಶುಕ್ರವಾರ ಕೆಳಗಿನ ಮನಿಗೆ ಒಂದು ಡಬ್ಬಿ ಹೋತಂದ್ರ ಮಧ್ಯಾಹ್ನದೊಳಗ ಅದು ಎಲ್ಲೆಲ್ಲಿ ಹತ್ತಿ ಇಳೀತದ ಅಂತ ನಮಗ ಗೊತ್ತಿರಂಗಿಲ್ಲೇನ್ರಿ?"

ಬೆಳಗ್ಗೆ ಇಳಿದ ಹಾಗೆಯೇ ನಿಧಾನವಾಗಿ ಮೆಟ್ಟಿಲಿಳಿದು ಹೋದ. ಹಿಂದೆಯೇ ನರಹರಿ ಬಂದು, ಭರಣಿಯನ್ನು ಕರವಸ್ತ್ರದಲ್ಲಿ ಹಿಡಿದು ಪ್ರಾಣೇಶರ ಕೈಗೆ ಹಾಕಿದರು. "ನಿಮ್ಮ ಮನಿ ಸಾಮಾನು ನೀವ ಒಯ್ರಿ ಮಾರಾಯರ. ನಂಗ್ಯಾಕ ಬೇಕು ಈ ಕಂಪನಿ ವಸ್ತು!"

ಸಂಜೆ ಪ್ರಾಣೇಶರು ಮನೆಗೆ ಬಂದು, ಭರಣಿಯನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದರು. ಕೆರೆಯನ್ನೂ ಹೇಳಿದರು, ಮುದುಕಿಯನ್ನೂ ಹೇಳಿದರು. ಮೃಣಾಲಿನಿ ಕಣ್ಣೊರೆಸಿಕೊಂಡಳು. ಆಮೇಲೆ ಭರಣಿಯನ್ನು ಎತ್ತಿ, ಉಗುರಿನಿಂದ ತಳ ಕೆರೆದು, ಬೆಳಕಿಗೆ ಹಿಡಿದಳು.

"ರೀ, ಇದು ಬೆಳ್ಳಿದಲ್ರೀ! ಬರೇ ಪಾಲಿಶು! ಇಷ್ಟಕ್ಕ ಒಂದೂರ ಕೆರಿ ಹೋತೇನು?"

ಪ್ರಾಣೇಶರು ಕೋಣೆಗೆ ಹೋಗಿ ಮಲಗಿದರು. ಕತ್ತಲಲ್ಲಿ ಕಣ್ಣು ತೆರೆದೇ ಇದ್ದವು. ಹೊರಗೆ ಮೃಣಾಲಿನಿ ಬಂಗಾರದ ಬಣ್ಣದ ಕಾಗದ ಹುಡುಕುತ್ತಿರುವ ಸದ್ದು ಕೇಳಿಸಿತು, ಆಮೇಲೆ ಟ್ರಂಕಿನ ಮುಚ್ಚಳ ತೆರೆದ ಸದ್ದು, ಆಮೇಲೆ ಅವಳ ದನಿ:

"ತಳಕ್ಕ ಒಂದು ಚೀಟಿ ಅಂಟಸ್ತೀನ್ರೀ, ಮುದ್ರಿ ಕಾಣಂಗಿಲ್ಲ. ಮುಂದಿನ ಶುಕ್ರವಾರ ನರಹರಿಯವ್ರ ಹೆಂಡತಿ ಬರ್ತಾರ..."

ಪ್ರಾಣೇಶರು ದಡಕ್ಕನೆ ಎದ್ದು ಕೂತರು. ನರಹರಿಯವರೇ ಪರಿಶೀಲಿಸುವ ಇನ್ನೊಂದು ಅರ್ಜಿ ಮುಂದಿನ ಶುಕ್ರವಾರವೇ ಇತ್ತು. ಅದೂ ಇದೇ ಕಂಪನಿಯದು. ನರಹರಿ ಎದ್ದರೆ ಕೂರುವವರು ಪ್ರಾಣೇಶರು. ಮೂವತ್ತು ವರ್ಷ ಯಾರಿಗೂ ಕಂಪನಿಯ ಒಂದು ಪೆನ್ನನ್ನೂ ದಾಟಿಸದ ಕೈ ಅದು. ಈಗ ಹೆಂಡತಿಗೆ 'ಬೇಡ' ಅನ್ನಬೇಕೋ, ಸುಮ್ಮನೆ ಮಲಗಿ ನಿದ್ದೆ ಬಂದವರ ಹಾಗೆ ಗೊರಕೆ ಹೊಡೆಯಬೇಕೋ?

ನೀವೇ ಹೇಳಿ, ಆ ಕತ್ತಲಲ್ಲಿ ಆ ಮಂಚದ ಮೇಲೆ ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ?